ಹೊರಸು ಎತ್ತಿಸುತ್ತಿದ್ದ ಆಯಿ

ಬಸಪ್ಪ ಹೋದ ಸುದ್ದಿ ರಾಮದುರ್ಗದ ಕಡೆಯಿಂದ ಬೈಲಹೊಂಗಲದ ನನ್ನ ಮನೆಗೆ ಮುಟ್ಟುವಷ್ಟರಲ್ಲಿ ಅವನ ಮಣ್ಣಾಗಿ ಬಹಳ ದಿನವಾಗಿತ್ತು. ಗುಡ್ಡದ ಮೇಲೆ ಉಳಿದಿದ್ದ ಕೊನೆಯವನು ಅವನೇ. ಆಡು ಕಾಯುವವರು ನೋಡಿ ಕೆಳಗಿನ ಊರಿಗೆ ಹೇಳಿದರಂತೆ. ಇಳಿಸಿಕೊಂಡು ಬರುವ ಗೋಜಿಗೆ ಯಾರೂ ಹೋಗಲಿಲ್ಲ, ಅವನ ಮನೆಯ ಮುಂದೆಯೇ ತೆಗ್ಗು ತೋಡಿ ಮುಚ್ಚಿದರಂತೆ. ಇದನ್ನೆಲ್ಲ ಕೇಳಿದಾಗ ನನ್ನ ಮನಸ್ಸಿಗೆ ಬಂದವಳು ಮಾತ್ರ ಆಯಿ. ಇನ್ನು ಆಯಿಯ ಬಗ್ಗೆ ಬರೆಯಬಹುದು ಅನಿಸಿತು. ಬಸಪ್ಪ ಇರುವ ತನಕ ಬರೆಯುವ ಹಾಗಿರಲಿಲ್ಲ. ಅವನಿಗೆ ಓದಲು ಬರುತ್ತಿರಲಿಲ್ಲ ನಿಜ, ಆದರೆ ಓದಿ ಹೇಳುವವರಿಗೇನು ಬರವೇ? ನಮ್ಮ ಕಡೆ ಕಷ್ಟಕ್ಕೆ ಕರೆದರೆ ಬರದವರು ಚಾಡಿ ಹೇಳಲು ಕರೆಯದೆಯೇ ಬರುತ್ತಾರೆ.

ಆಯಿಗೊಂದು ಹೆಸರಿತ್ತು. ಅದನ್ನು ಬರೆಯುವುದಿಲ್ಲ. ಗುಡ್ಡದ ಮೇಲೆ ಹಲ್ಲು ಬಿದ್ದ ಮುದುಕರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆ ಗುಡ್ಡದ ಬುಡದ ಊರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ ಹೋದೆ. ರಾಮದುರ್ಗಕ್ಕೂ ಸವದತ್ತಿಗೂ ನಡುವೆ ಕೆಂಪು ಕಲ್ಲಿನ ಗುಡ್ಡಗಳ ಸಾಲು ಇದೆಯಲ್ಲ, ಬಸ್ಸಿನಲ್ಲಿ ಹೋಗುವವರು ಅವುಗಳ ಮೇಲೆ ಯಾರಾದರೂ ಇದ್ದಾರು ಎಂದು ಯೋಚಿಸುವುದೇ ಇಲ್ಲ. ಇದ್ದರು. ಅಲ್ಲೊಂದು ಇಲ್ಲೊಂದು ಕಲ್ಲಿನ ಮನೆ. ಒಂದು ಮನೆಯ ಒಗ್ಗರಣೆಯ ವಾಸನೆ ಇನ್ನೊಂದು ಮನೆಗೆ ಮುಟ್ಟುತ್ತಿರಲಿಲ್ಲ, ಅಷ್ಟು ದೂರ. ಆಡು ಕುರಿ, ಮಳೆ ನಂಬಿದ ಸಜ್ಜೆ, ಕಾಲಕ್ಕೆ ಸರಿಯಾಗಿ ಸೀತಾಫಲ. ಬುಟ್ಟಿ ಹೊತ್ತು ರಾಮದುರ್ಗದ ಸಂತೆಗೆ ಇಳಿಯುವುದು, ಉಪ್ಪು ಎಣ್ಣೆ ಹೊತ್ತು ಏರುವುದು. ಮೋಡವಿಲ್ಲದ ದಿನ ಮೇಲಿನಿಂದ ನೋಡಿದರೆ ತೊರಗಲ್ಲಿನ ಕೋಟೆ ಕಾಣುತ್ತಿತ್ತು. ನವಿಲುತೀರ್ಥದ ಕಾಲುವೆಯ ನೀರು ಹರಿದ ಹೊಲಗಳೂ ಕಾಣುತ್ತಿದ್ದವು, ಹಸಿರಾಗಿ, ಬಹಳ ದೂರದಲ್ಲಿ. ಆ ಹಸಿರು ನೋಡಿ ನೋಡಿಯೇ ಒಂದೊಂದು ಮನೆಯವರು ಕೂಲಿಗೆಂದು ಇಳಿದುಹೋದರು. ಹೋದವರು ಬಾಗಿಲ ಚೌಕಟ್ಟನ್ನೂ ಕಿತ್ತುಕೊಂಡು ಹೋಗುತ್ತಿದ್ದರು. ನಾನು ಬರುವ ಹೊತ್ತಿಗೆ ಹೊಗೆ ಏಳುವ ಮನೆಗಳಿಗಿಂತ ಬಾಗಿಲಿಲ್ಲದ ಮನೆಗಳೇ ಹೆಚ್ಚಾಗಿದ್ದವು.

ಮೇಲೆ ಹೋಗಲು ಕಾಲುದಾರಿ ಮಾತ್ರ. ರಸ್ತೆ ಮಾಡಿಸಿಕೊಡುತ್ತೇವೆ ಎಂದು ಪ್ರತಿ ಚುನಾವಣೆಯಲ್ಲೂ ಕೆಳಗೇ ನಿಂತು ಹೇಳಿ ಹೋಗುತ್ತಿದ್ದರು, ಮೇಲೆ ಹತ್ತಿ ಹೇಳುವಷ್ಟು ಮತ ಅಲ್ಲಿರಲಿಲ್ಲ.

ಮೊದಲ ಸಲ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹತ್ತಿದಾಗ ನನ್ನ ಉಸಿರು ನನ್ನ ಮಾತು ಕೇಳುತ್ತಿರಲಿಲ್ಲ. ಮೊದಲು ಸಿಕ್ಕ ಮನೆಯ ಕಟ್ಟೆಯ ಮೇಲೆ ಒಬ್ಬ ಎತ್ತರದ ಹೆಂಗಸು ಹೊರಸಿನ ಹಗ್ಗ ಬಿಗಿಯುತ್ತ ಕುಳಿತಿದ್ದಳು. ಗಂಡಸಿನ ಕೈಗಳಂಥ ಕೈ. ಹಲ್ಲಿನಲ್ಲಿ ಹಗ್ಗದ ತುದಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹಗ್ಗ ಬಿಟ್ಟು ಕೇಳಿದಳು.

"ಇಷ್ಟ ಸಣ್ಣ ಡಬ್ಬಿ ಹೊರಾಕ ಸರಕಾರ ಒಬ್ಬಾಕಿನ್ನ ಇಟ್ಟೈತೇನ?"

"ಡಬ್ಬಿ ಸಣ್ಣದ ಐತಿ ಆಯಿ, ಗುಡ್ಡ ದೊಡ್ಡದ ಐತಿ," ಅಂದೆ.

"ಬಾಯಿ ಐತಿ ನಿನಗ. ಇಲ್ಲಿ ಬದಕತಿ ಬಿಡು. ಕುಂದರು, ನೀರ ಕುಡಿ."

ಆ ಹೊರಸು ಆಕೆ ಮಲಗಲು ಇಟ್ಟುಕೊಂಡದ್ದಲ್ಲ. ಗುಡ್ಡದ ಹೊರಸು, ಎಲ್ಲರಿಗೂ ಸೇರಿದ ಹಗ್ಗದ ಮಂಚ ಅದು. ಯಾರಾದರೂ ಏಳಲಾರದಷ್ಟು ಜಡ್ಡಾದರೆ ಅದರ ಮೇಲೆ ಮಲಗಿಸಿ, ಎರಡು ಬದಿಗೆ ಗಳ ಕಟ್ಟಿ, ನಾಲ್ಕು ಜನ ಹೆಗಲು ಕೊಟ್ಟು ಕೆಳಗೆ ಒಯ್ಯಬೇಕು. ಅಲ್ಲಿಂದ ಮೌಲಾಸಾಬನ ಜೀಪಿನಲ್ಲಿ ರಾಮದುರ್ಗದ ದವಾಖಾನೆ. ಹೊರಸು ಆಯಿಯ ಮನೆಯ ಗೋಡೆಗೆ ಒರಗಿರುತ್ತಿತ್ತು. ಅದನ್ನು ಎತ್ತಬೇಕೋ ಬೇಡವೋ ಎಂದು ಹೇಳುವವಳೂ ಆಯಿಯೇ.

ಇದು ನನಗೆ ತಿಳಿದಾಗ ಮೈ ಉರಿದುಹೋಯಿತು. ಜಡ್ಡಾದವರ ಮನೆಗೆ ಆಯಿಯನ್ನು ಕರೆಯುತ್ತಾರೆ, ಆಕೆ ಬಂದು ಪಕ್ಕದಲ್ಲಿ ಕೂರುತ್ತಾಳೆ, ಪಾದ ಮುಟ್ಟಿ ನೋಡುತ್ತಾಳೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾಳೆ: "ಏನರ ತಿನ್ನಬೇಕ ಅನಸತೈತೇನ?" ಜಡ್ಡಿನವರು ಏನಾದರೂ ಒಂದು ಹೆಸರು ಹೇಳಿದರೆ "ಎತ್ರಿ" ಅನ್ನುತ್ತಾಳೆ. ಏನೂ ಬೇಡವೆಂದರೆ, ಅಥವಾ ಬರೀ ನೀರು ಕೇಳಿದರೆ, ನೀರು ಕುಡಿಸಿ, ಮನೆಯವರಿಗೆ "ಕರಿಯೋರನ್ನ ಕರೀರಿ" ಅನ್ನುತ್ತಾಳೆ. ಅಷ್ಟೇ. ಆಮೇಲೆ ಯಾರೂ ಹೊರಸಿನ ಮಾತೆತ್ತುವುದಿಲ್ಲ.

ಒಮ್ಮೆ ಒಬ್ಬ ಮುದುಕ ಕಣ್ಣು ಮೇಲೆ ಮಾಡಿ ಮಲಗಿದ್ದವನು ಆಕೆಯ ಪ್ರಶ್ನೆಗೆ "ಕೆಂಪ ಮೆಣಸಿನಕಾಯಿ ಹಿಂಡಿ, ಅದರ ಮ್ಯಾಲ ಬೆಣ್ಣಿ" ಅಂದನಂತೆ. ಆಯಿ ಎದ್ದು ನಿಂತು "ಎತ್ರೋ ಇವನ್ನ, ಇಂವ ನಮ್ಮನ್ನೆಲ್ಲಾ ಮಣ್ಣ ಮಾಡಿ ಹೋಗಾಂವ" ಅಂದಳು. ಅವನು ರಾಮದುರ್ಗಕ್ಕೆ ಹೋಗಿ ಬಾಟಲಿ ಹಾಕಿಸಿಕೊಂಡು ತಿರುಗಿ ಬಂದ. ನನ್ನ ಕಣ್ಣೆದುರೇ ಎಷ್ಟೋ ವರ್ಷ ಹಿಂಡಿ ತಿಂದುಕೊಂಡು ಇದ್ದ. ಇನ್ನೊಮ್ಮೆ ಹಾವು ಕಚ್ಚಿದ ಹುಡುಗಿಯ ಬಳಿ ಏನನ್ನೂ ಕೇಳದೆ ದೂರದಿಂದಲೇ "ಎತ್ರಿ, ಎತ್ರಿ" ಎಂದು ಚೀರಿಕೊಂಡು ಬಂದವಳೂ ಆಕೆಯೇ. ಹಾಗಾಗಿ ಬರೀ ಮೌಢ್ಯ ಎಂದು ತಳ್ಳಿಹಾಕಲೂ ಬರುತ್ತಿರಲಿಲ್ಲ. ಆದರೆ ನನ್ನ ತರಬೇತಿ, ನನ್ನ ಸಿಟ್ಟು ಎರಡೂ ಸುಮ್ಮನಿರಲು ಬಿಡುತ್ತಿರಲಿಲ್ಲ.

"ಬದುಕತಾರ ಸಾಯತಾರ ಅಂತ ಹೇಳಾಕ ನೀ ಯಾರ ಆಯಿ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

ಆಕೆ ತಂಬಾಕಿನ ಎಲೆ ಹರಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಯಾರರ ಹೇಳಬೇಕಲ್ಲ ತಂಗಿ. ಮನಿ ಮಂದಿ ಹೇಳಿದ್ರ ಸಾಯೂ ತನಾ ಅದ ಅವರನ್ನ ತಿಂತೈತಿ. ನನಗ ಹಿಂದಿಲ್ಲ ಮುಂದಿಲ್ಲ. ನನ್ನ ಮ್ಯಾಲ ಬರ್ಲಿ."

ಮಕ್ಕಳಿರಲಿಲ್ಲ ಆಕೆಗೆ. ತವರು ಕಿತ್ತೂರಿನ ಕಡೆ. ಕರಿಮಣ್ಣಿನ, ಎತ್ತಿನ ಗಂಟೆಯ ಊರಿನಿಂದ ಈ ಕಲ್ಲಿನ ಗುಡ್ಡಕ್ಕೆ ಲಗ್ನವಾಗಿ ಬಂದವಳು. ತವರಿನ ಹೆಸರು ಹೇಳಿದಾಗ ಮಾತ್ರ ಮುಖದಲ್ಲಿ ಸ್ವಲ್ಪ ಮೆತ್ತಗಿನದು ಏನೋ ಬರುತ್ತಿತ್ತು, ಆಮೇಲೆ ಹೋಗುತ್ತಿತ್ತು.

ಗಂಡನ ಕತೆಯನ್ನು ನನಗೆ ಹೇಳಿದವನು ಮೌಲಾಸಾಬ. ಕೆಳಗಿನ ಊರಿನ ಜೀಪು ಅವನದು. ಮಾತಿಗೆ ಬ್ರೇಕು ಇರಲಿಲ್ಲ, ಜೀಪಿಗೂ ಅಷ್ಟಕ್ಕಷ್ಟೇ. ಒಂದು ಸಂಜೆ ನನ್ನನ್ನು ರಾಮದುರ್ಗಕ್ಕೆ ಬಿಡುವಾಗ ಗುಡ್ಡದ ಬುಡದ ಹುಣಸೆಮರದ ಹತ್ತಿರ ಗಾಡಿ ನಿಧಾನ ಮಾಡಿ, ಮರದ ಕೆಳಗಿನ ಕಲ್ಲಿನ ಗುಪ್ಪೆ ತೋರಿಸಿದ.

"ಆಯಿ ಗಂಡರೀ ನರ್ಸಬಾಯಾರ. ಇಲ್ಲೇ ಮಣ್ಣ ಮಾಡ್ಯಾರ."

ಆಗಿನ್ನೂ ಆಯಿ ಹರೆಯದವಳು. ಗಂಡನಿಗೆ ಹೊಟ್ಟೆ ಉಬ್ಬಿ ಬಂತು. ಹಿರಿಯರು ಒಯ್ಯುವುದು ಬೇಡ, ಉಳಿಯುವುದಿಲ್ಲ ಎಂದರು. ಈಕೆ ಕೇಳಲಿಲ್ಲ. ಒಬ್ಬೊಬ್ಬರ ಕಾಲು ಹಿಡಿದು ನಾಲ್ಕು ಜನರನ್ನು ಹೊರಡಿಸಿದಳು. ಹೊರಸು ಅರ್ಧ ಗುಡ್ಡದ ಸೀಮೆಕಲ್ಲು ದಾಟಿತು, ಬುಡಕ್ಕೆ ಬಂತು, ಹುಣಸೆಮರದ ನೆರಳಿನಲ್ಲಿ ಇಳಿಸಿದರು, ಅಲ್ಲಿ ಅವನ ಜೀವ ಹೋಯಿತು. ಸೀಮೆಕಲ್ಲಿನಿಂದ ಆಚೆ ಸತ್ತವರನ್ನು ಮತ್ತೆ ಊರೊಳಗೆ ತರುವ ಪದ್ಧತಿ ಗುಡ್ಡದಲ್ಲಿಲ್ಲ. ತಂದರೆ ಹಿಂದೆಯೇ ಇನ್ನೊಂದು ಸಾವು ಬರುತ್ತದೆ ಎಂಬ ಹೆದರಿಕೆ. ಈಕೆ ಎಷ್ಟು ಅತ್ತರೂ ಹೊತ್ತವರು ಹೊರಸಿಗೆ ಮತ್ತೆ ಹೆಗಲು ಕೊಡಲಿಲ್ಲ. ಮೇಲೆ ಅವನ ಅಪ್ಪ, ಅಜ್ಜ, ಎಲ್ಲರೂ ಒಂದು ಹೊಲದಲ್ಲಿದ್ದಾರೆ. ಅವನೊಬ್ಬನೇ ಕೆಳಗೆ, ಬಸ್ಸಿನ ಧೂಳಿನಲ್ಲಿ.

"ಅವತ್ತಿನಿಂದ ಆಕಿ ಹೇಳಾಕ ಹತ್ತಿದ್ಲು ನೋಡ್ರಿ," ಅಂದ ಮೌಲಾಸಾಬ. "ಉಳಿಯಾಂವ ಇದ್ರ ಒಯ್ರಿ, ಇಲ್ಲಾ ಅವನ ಮನ್ಯಾಗ ಅವನ್ನ ಸಾಯಾಕ ಬಿಡ್ರಿ ಅಂತ."

ಆಗ ನನಗೆ ಇನ್ನೊಂದು ವಿಷಯ ಅರ್ಥವಾಯಿತು. ನಾನು ಗುಡ್ಡ ಇಳಿಯುವಾಗಲೆಲ್ಲ ಆಯಿ ನನ್ನ ಜೊತೆ ಸೀಮೆಕಲ್ಲಿನ ತನಕ ಬರುತ್ತಿದ್ದಳು. ಎಣ್ಣೆ ಕುಡಿದು ಕರ್ರಗಾದ ಮೊಣಕಾಲೆತ್ತರದ ಕಲ್ಲು. ಅಲ್ಲಿ ನಿಂತುಬಿಡುತ್ತಿದ್ದಳು. ಒಂದು ಹೆಜ್ಜೆ ಮುಂದೆ ಇಡುತ್ತಿರಲಿಲ್ಲ. ಬೀಳ್ಕೊಡುವ ರೀತಿ ಎಂದುಕೊಂಡಿದ್ದೆ ನಾನು. ಕಲ್ಲಿನ ಬಳಿ ನಿಂತರೆ ಕೆಳಗೆ ಹುಣಸೆಮರದ ತಲೆ ಕಾಣುತ್ತದೆ, ಬುಡ ಕಾಣುವುದಿಲ್ಲ.

"ಒಮ್ಮಿಯರ ಹೋಗಿ ನೋಡಿ ಬರಬಾರದ ಆಯಿ?" ಎಂದು ಕೇಳಿದೆ.

"ಯಾರ ಹೇಳಿದ್ರು ನಿನಗ? ಆ ಸಾಬನ ಬಾಯಿಗೆ ಹೊಲಗಿ ಹಾಕಬೇಕ," ಅಂದಳು. ಕಲ್ಲಿಗೆ ಕೈ ಊರಿ, "ಅಲ್ಲಿ ಹೋಗಿ ಕುಂತ್ರ ಏಳಾಂಗಿಲ್ಲ ತಂಗಿ ನಾ. ಮತ್ತ ಇಲ್ಲಿ ಇವರಿಗೆ ಯಾರ ಅದಾರ?" ಅಂದಳು. ಸೆರಗಿನಿಂದ ಕಲ್ಲಿನ ಮೇಲಿನ ಹಕ್ಕಿಯ ಹಿಕ್ಕೆ ಒರೆಸಿ ತಿರುಗಿ ಹೋದಳು. ಆ ದಿನದಿಂದ ಆಕೆಯ ಮೇಲೆ ನನಗೆ ಪ್ರೀತಿ ಹುಟ್ಟಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅದಕ್ಕೇ ನೀಲವ್ವನ ಸಾವು ನನಗೆ ಅಷ್ಟು ಕಹಿಯಾದದ್ದು.

ನೀಲವ್ವ ಬಸಪ್ಪನ ಹೆಂಡತಿ. ಸಿರಸಂಗಿಯ ಹುಡುಗಿ. ನಕ್ಕರೆ ಕೆನ್ನೆ ಮೇಲೆ ಗುಳಿ ಬೀಳುತ್ತಿತ್ತು. ಚೊಚ್ಚಲ ಬಸುರು. ಹೆರಿಗೆಗೆ ತವರಿಗೆ ಇಳಿಯುವುದು ಎಂದು ನಾನೇ ಕೂತು ಮಾತಾಡಿ ಒಪ್ಪಿಸಿದ್ದೆ. ಹೋಗುವುದಕ್ಕೆ ಇನ್ನೂ ದಿನವಿತ್ತು. ಕಬ್ಬಿನ ಕಟಾವಿಗೆ ಗಂಡಸರೆಲ್ಲ ಕಾಲುವೆಯ ಊರುಗಳಿಗೆ ಹೋಗಿದ್ದರು, ಬಸಪ್ಪನೂ ಹೋಗಿದ್ದ. ದಿನ ತುಂಬುವ ಮೊದಲೇ ನೋವು ಬಂತು. ಕೂಸು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಆಯಿಯನ್ನು ಕರೆದರು. ಆಯಿ ಕೇಳಿದ್ದಕ್ಕೆ ನೀಲವ್ವ, "ಏನೂ ಬ್ಯಾಡ ಆಯಿ, ನೀರ ಕೊಡ" ಅಂದಳಂತೆ. ಕೊಟ್ಟರು. ಮತ್ತೆ ಕೇಳಿದಳು. ಮತ್ತೆ ಕೊಟ್ಟರು. "ಕರಿಯೋರನ್ನ ಕರೀರಿ" ಎಂದು ಹೇಳಿ ಆಯಿ ಆಕೆಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳಂತೆ. ಹೊತ್ತು ಮುಳುಗುವಷ್ಟರಲ್ಲಿ ಮುಗಿಯಿತು. ಕೂಸೂ ಉಳಿಯಲಿಲ್ಲ.

ನನಗೆ ಗೊತ್ತಾದದ್ದು ಮರುದಿನ. ಏದುಸಿರು ಬಿಡುತ್ತ ಹತ್ತಿಹೋದೆ. ಬಸಪ್ಪ ಬಂದಿದ್ದ. ಗೋಡೆಗೆ ಕೂರಿಸಿದ್ದ ಹೆಂಡತಿಯ ಹೆಣದ ಎದುರು ಕಬ್ಬಿನ ಗರಿ ಕೊಯ್ದ ಕೈಗಳನ್ನು ಮುಂದೆ ಚಾಚಿಕೊಂಡು ಕುಳಿತಿದ್ದ. ಮಣ್ಣು ಮುಗಿದ ಮೇಲೆ ನಾನು ಆಯಿಯ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ.

"ನೀರ ಕೇಳೂದ ಸಾವಿನ ಗುರತ ಅಲ್ಲ ಆಯಿ, ರಕ್ತ ಹೋದ ಗುರತ! ಮೈಯಾಗಿನ ರಕ್ತ ಹೋದ್ರ ಯಾರಿಗಾದ್ರೂ ಬಾಯಿ ಆರತೈತಿ. ಹೊರಸಿನ ಮ್ಯಾಲ ಹಾಕಿದ್ರ ದವಾಖಾನಿ ಮುಟ್ಟತಿದ್ಲೋ ಏನೋ!"

ಮುಟ್ಟುತ್ತಿದ್ದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ದಾರಿಯಲ್ಲೇ ಹೋಗುತ್ತಿದ್ದಳೋ ಏನೋ. ಆದರೆ ನೋಡಬೇಕಿತ್ತು. ಆ ವಿಷಯದಲ್ಲಿ ಇವತ್ತಿಗೂ ನಾನು ಆಯಿಯ ಪರವಾಗಿಲ್ಲ. ಆಕೆ ಅಂದು ನಾನು ಬೈಯುವಷ್ಟು ಹೊತ್ತೂ ಹೊರಸಿನ ಹಗ್ಗದ ಮೇಲೆ ಬೆರಳಾಡಿಸುತ್ತ ಕುಳಿತಿದ್ದಳು. ನಾನು ಹೇಳಿದ್ದನ್ನು ಬಾಗಿಲಲ್ಲಿ ನಿಂತಿದ್ದವರು ಬಸಪ್ಪನಿಗೆ ಮುಟ್ಟಿಸಿದರು.

ಬಸಪ್ಪ ಕೂಗಾಡುವ ಮನುಷ್ಯನಲ್ಲ. ಆಯಿಯ ಮನೆಯ ಮುಂದಿನ ದಾರಿ ಬಿಟ್ಟ. ಆಕೆ ನೀರು ಸೇದುವ ಹೊತ್ತಿಗೆ ಬಾವಿಗೆ ಬರುವುದನ್ನು ಬಿಟ್ಟ. ಕೂಲಿಗೆ ಇಳಿಯುವುದನ್ನೂ ಬಿಟ್ಟ, ಮುಂದೆಂದೂ ಕಬ್ಬಿನ ಕಟಾವಿಗೆ ಹೋಗಲಿಲ್ಲ. ಜೊತೆಗಾರರೆಲ್ಲ ಒಬ್ಬೊಬ್ಬರಾಗಿ ಗುಡ್ಡ ಬಿಟ್ಟಾಗಲೂ ಅವನು ಹೋಗಲಿಲ್ಲ. ನೀನ್ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, "ಆಕಿ ಸಾಯೂದ ನೋಡಿ ಹೋಗತೇನಿ" ಅನ್ನುತ್ತಿದ್ದ. ನಾನು ಕೇಳಿದಾಗಲೂ ಅದನ್ನೇ ಹೇಳಿದ. ಸಜ್ಜೆಯ ಬೆಲೆ ಹೇಳಿದಷ್ಟು ಸಲೀಸಾಗಿ ಹೇಳಿದ.

ಒಂದು ಗುಡ್ಡ, ಬೆರಳೆಣಿಕೆಯ ಮನೆ, ಅದರಲ್ಲಿ ಎರಡು ಮನೆಯವರು ಮುಖ ನೋಡುವುದಿಲ್ಲ. ಊರಿನಲ್ಲಾದರೆ ಜನಜಂಗುಳಿಯಲ್ಲಿ ಹಗೆಯೂ ಸವೆಯುತ್ತದೆ. ಅಲ್ಲಿ ಮರೆಸುವಂಥದ್ದು ಏನೂ ಇರಲಿಲ್ಲ. ಅವನ ಮನೆಯ ದೀಪ ಆಕೆಗೆ ಕಾಣುತ್ತಿತ್ತು, ಆಕೆಯದು ಅವನಿಗೆ.

ಮತ್ತೆ ಕೆಲವು ವರ್ಷಕ್ಕೆ ನನಗೆ ಬೈಲಹೊಂಗಲದ ಕಡೆಗೆ ವರ್ಗವಾಯಿತು. ಹೇಳಿ ಬರಲು ಹೋದೆ. ಆಯಿ ಮುದಿಯಾಗಿದ್ದಳು, ಹಗ್ಗ ಬಿಗಿಯಲು ಹಲ್ಲಿರಲಿಲ್ಲ. ಸಜ್ಜೆ ರೊಟ್ಟಿ, ಬೆಲ್ಲ ಕಟ್ಟಿಕೊಟ್ಟು, ಎಂದಿನಂತೆ ಸೀಮೆಕಲ್ಲಿನ ತನಕ ಬಂದಳು. ಅಲ್ಲಿ ಕುಳಿತಳು. ನನ್ನನ್ನೂ ಕೂರಿಸಿದಳು.

"ನೀ ಅವತ್ತ ಬೈದಿದ್ದು ಖರೇ ತಂಗಿ. ಆದರ ನೀರಿನ ಸಲುವಾಗಿ ಅಲ್ಲ," ಅಂದಳು. "ನೀರ ಕೇಳಿದ್ರೂ ಆಕೀ ಕಣ್ಣಾಗ ಜೀವ ಇತ್ತು. ಎತ್ತಬೇಕ ಅಂತ ನನಗ ಗೊತ್ತಿತ್ತು."

"ಮತ್ತ?"

"ಯಾರ ಎತ್ತೋರು? ಗಂಡಸರೆಲ್ಲಾ ಕಬ್ಬಿಗೆ ಹೋಗಿದ್ರು. ಗುಡ್ಡದ ಮ್ಯಾಲ ಇದ್ದಾಂವ ಒಬ್ಬ ಕುಂಟ, ಒಬ್ಬ ದಮ್ಮಿನ ಮುದಕ. ನಾಕ ಹೆಗಲ ಇಲ್ಲ, ಅದಕ್ಕ ನೀ ಸಾಯಿ ಅಂತ ಆ ಹುಡುಗಿಗೆ ಹ್ಯಾಂಗ ಹೇಳ್ಲಿ? ನಾಳೆ ಗಂಡ ಬಂದ ಕೇಳಿದ್ರ, ನಿನ್ನ ಹೆಗಲ ಇರಲಿಲ್ಲ ಅದಕ್ಕ ಹೋದ್ಲು ಅಂತ ಅವಗ ಹ್ಯಾಂಗ ಹೇಳ್ಲಿ? ಉಳಿಯೂದಿಲ್ಲ ಅಂದೆ. ಅಂದಬಿಟ್ಟೆ."

ನನಗೆ ತೋಚಿದ್ದು ಒಂದೇ, ಅದನ್ನು ಕೇಳಿದೆ. "ಹೆಂಗಸರ ಇದ್ರಲ್ಲ ಆಯಿ? ನೀ ಇದ್ದಿ. ನಿನ್ನ ಈ ಕೈ ಇದ್ವು. ಉಳದ ಹೆಂಗಸರ ಇದ್ರು."

ಆಯಿ ಕೆಳಗಿನ ಹುಣಸೆಮರದ ಕಡೆ ನೋಡಿದಳು. ಆ ಕಡೆ ನೋಡುತ್ತಲೇ ಹೇಳಿದಳು. "ಹೆಂಗಸರ ಯಾವತ್ತ ಹೆಗಲ ಕೊಟ್ಟಾರ ತಂಗಿ? ನೀರ ಹೊತ್ತೇವಿ, ಕಟಗಿ ಹೊತ್ತೇವಿ, ಕಲ್ಲ ಹೊತ್ತೇವಿ. ಹೊರಸಿಗೆ ಹೆಗಲ ಕೊಡೂದ ಗಂಡಸರ ಕೆಲಸ. ನನಗ ಅದ ಹೊಳೀಲ ಇಲ್ಲ. ಆಕಿನ್ನ ಮಣ್ಣ ಮಾಡಿ ಬಂದ ರಾತ್ರಿ ಹೊಳೀತು. ನನ್ನ ತಪ್ಪ ಅಂದ್ರ ಅದು."

ಅಳಲಿಲ್ಲ ಆಕೆ. ನಾನು ಅತ್ತೆ. ನನ್ನ ಕೈ ಹಿಡಿದು, "ಬಸಪ್ಪಗ ಹೇಳಬ್ಯಾಡ" ಅಂದಳು. "ನನ್ನ ಮ್ಯಾಲಿನ ಸಿಟ್ಟ ಹಿಡಕೊಂಡ ಎದ್ದ ಅಡ್ಡಾಡಾಕ ಹತ್ಯಾನ. ಅದನ್ನ ಕಸಗೊಂಡ್ರ ಆ ಸಿಟ್ಟ ಅವನ ಮ್ಯಾಲ ಅವಗ ತಿರಗತೈತಿ. ನನಗ ಆಣಿ ಕೊಡು."

ಕೊಟ್ಟೆ. ಆದರೆ ಗುಡ್ಡ ಇಳಿಯುತ್ತ ಇಳಿಯುತ್ತ ನನ್ನ ಕೆಟ್ಟ ಬುದ್ಧಿ ಕೇಳಿತು: ಇದು ನಡೆದ ಮಾತೋ, ಇಷ್ಟು ವರ್ಷ ಹಗೆ ಹೊತ್ತು ಹೊತ್ತು ಆಕೆ ತನಗಾಗಿ ಕಟ್ಟಿಕೊಂಡ ಮಾತೋ? ನನಗೆ ಗೊತ್ತಿಲ್ಲ. ಅಂದು ಗಂಡಸರು ಇರಲಿಲ್ಲ ಎಂಬುದು ಮಾತ್ರ ನಿಜ.

ಆಯಿಗೆ ಜಡ್ಡಾಗಿದೆ ಎಂದು ಮೌಲಾಸಾಬ ಫೋನು ಮಾಡಿದ್ದು ಎರಡು ಸಾವಿರದ ಮೇಲಿನ ಯಾವುದೋ ವರ್ಷ, ಬೇಸಿಗೆ ಮುಗಿಯುವ ಹೊತ್ತು. ಆಗ ಅವನ ಹತ್ತಿರ ಮೊಬೈಲು ಬಂದಿತ್ತು. "ಬಾಯಾರ, ಆಯಿ ಹೊರಸ ಎತ್ರಿ ಅನ್ನಾಕ ಹತ್ಯಾಳ. ತನಗ. ಕೆಳಗ ಒಯ್ರಿ ಅಂತಾಳ. ಮಂದಿ ಒಂದ ನಮೂನಿ ಮಾತಾಡಾಕ ಹತ್ಯಾರ."

ಏನು ಮಾತಾಡುತ್ತಿದ್ದರು ಎಂಬುದು ನಾನು ಬಸ್ಸಿಳಿದು ಗುಡ್ಡ ಹತ್ತಿದ ಮೇಲೆ ಕಿವಿಗೇ ಬಿತ್ತು. ಉಳಿದಿದ್ದವರು ಎಷ್ಟು ಜನ! ಆ ಕುಂಟ ಕುರುಬ, ಅವನ ಹೆಂಡತಿ, ಇನ್ನೊಬ್ಬ ನಡುವಯಸ್ಸಿನ ಗಂಡಸು, ಬಸಪ್ಪ. ಮೌಲಾಸಾಬನೂ ನನ್ನ ಜೊತೆ ಹತ್ತಿ ಬಂದಿದ್ದ. ಕುರುಬನ ಹೆಂಡತಿ ಅಂಗಳದಲ್ಲೇ ಹೇಳಿದಳು. "ಮಂದಿಗೆ ನೀರ ಕುಡಿಸಿ ಕೂಡ್ರಿಸಿದಾಕಿಗೆ ತನ್ನ ಜೀವ ಅಂದ ಕೂಡಲೇ ದವಾಖಾನಿ ನೆಪ್ಪಾಗೇತಿ ನೋಡ್ರಿ."

ಒಳಗೆ ಆಯಿ ಗೋಡೆಗೆ ಒರಗಿಕೊಂಡು ಉಸಿರಿಗಾಗಿ ಗುದ್ದಾಡುತ್ತಿದ್ದಳು. ಕಾಲು ಬಾತಿದ್ದವು. ನಾಡಿ ಹಿಡಿದೆ, ಎದೆಗೆ ಕಿವಿ ಇಟ್ಟೆ. ಎದೆಯೊಳಗೆ ನೀರು ಕುದಿಯುವ ಸದ್ದು. ನನ್ನ ಕೆಲಸದ ಇಷ್ಟು ವರ್ಷದಲ್ಲಿ ಅಂಥ ಎದೆ ರಾಮದುರ್ಗ ಮುಟ್ಟಿದ್ದನ್ನು ನಾನು ಕಂಡಿಲ್ಲ. ಆಕೆ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಗೊತ್ತೈತಿ. ಎತ್ತಸು," ಅಂದಳು. "ಕಲ್ಲ ದಾಟಸು. ಉಸರ ಇರೂದರಾಗ ದಾಟಬೇಕ."

ಆಗ ನನಗೆ ತಿಳಿಯಿತು. ದವಾಖಾನೆಯ ಮಾತೇ ಅಲ್ಲ ಇದು. ಗುಡ್ಡದ ಮೇಲೆ ಸತ್ತರೆ ಗುಡ್ಡದ ಮೇಲೆಯೇ ಮಣ್ಣು. ಹೆಣವನ್ನು ಯಾರೂ ಸೀಮೆ ದಾಟಿಸುವುದಿಲ್ಲ. ಉಸಿರಿರುವಾಗ ದಾಟಿದರೆ ಮತ್ತೆ ಯಾರೂ ಮೇಲೆ ತರುವುದಿಲ್ಲ, ಹುಣಸೆಮರದ ಕೆಳಗೆ ಅವನ ಪಕ್ಕ ಮಲಗಬಹುದು.

ಹೊರಗೆ ಬಂದು ಹೇಳಿದೆ. ಕುರುಬನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಗಳ ಕಟ್ಟಿದರು, ಆಕೆಯನ್ನು ಹೊರಸಿಗೆ ಹಾಕಿದರು. ಮುಂದೆ ಮೌಲಾಸಾಬ, ಆ ನಡುವಯಸ್ಸಿನವನು. ಹಿಂದೆ ಕುಂಟ ಕುರುಬ. ನಾಲ್ಕನೆಯ ಹೆಗಲು ಬೇಕು. ಬಸಪ್ಪ ದೂರದಲ್ಲಿ ಬೀಡಿ ಸೇದುತ್ತ, ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದ.

"ಬಸಪ್ಪಾ," ಅಂದೆ.

"ನನ್ನ ಕರೀಬ್ಯಾಡ್ರಿ ಬಾಯಾರ."

ಒಂದು ಮಾತು ಹೇಳಿದ್ದರೆ ಅವನು ಬರುತ್ತಿದ್ದ. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆಣೆಯೂ ಇತ್ತು. ಒಳಗಿನ ಸಂಕಟಕ್ಕೆ ನನಗೆ ಸಿಟ್ಟೇ ಬಂತು. ಸೆರಗು ನಡುವಿಗೆ ಸಿಕ್ಕಿಸಿ, ಬಗ್ಗಿ, ಗಳದ ಕೆಳಗೆ ನನ್ನ ಹೆಗಲು ಕೊಟ್ಟೆ. "ಎತ್ರಿ," ಅಂದೆ.

ಹೊರಸು ಎದ್ದಿತು. ವಾಲಿತು. ನನಗೆ ಆಗಲೇ ಐವತ್ತು ದಾಟಿತ್ತು, ಎತ್ತರವೂ ಅಷ್ಟಕ್ಕಷ್ಟೇ. ಆದರೆ ಎದ್ದಿತು. ಕುರುಬನ ಹೆಂಡತಿ ಓಡಿ ಬಂದು ಕೆಳಗಿನಿಂದ ಕೈ ಕೊಟ್ಟಳು. ಹೊರಸಿನ ಮೇಲಿಂದ ಆಯಿ ಒರಗಿದ ಕತ್ತಿನಲ್ಲೇ ನಮ್ಮಿಬ್ಬರನ್ನೂ ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ.

ನಾಲ್ಕು ಹೆಜ್ಜೆ ಹೋಗಿರಬಹುದು. ಹೆಗಲ ಮೇಲಿನ ಭಾರ ಹೋಯಿತು. ತಿರುಗಿ ನೋಡಿದರೆ ಬಸಪ್ಪ ನನ್ನನ್ನು ಸರಿಸಿ ಗಳದ ಕೆಳಗೆ ನಿಂತಿದ್ದ. ನನ್ನನ್ನೂ ನೋಡಲಿಲ್ಲ, ಆಯಿಯನ್ನೂ ನೋಡಲಿಲ್ಲ. "ನಡೀರಿ," ಅಂದ.

ಸೀಮೆಕಲ್ಲು ಬಂದಾಗ ಆಯಿ ಕೈ ಚಾಚಿ ಅದನ್ನು ಮುಟ್ಟಲು ನೋಡಿದಳು, ಮುಟ್ಟಲಿಲ್ಲ, ಹೊರಸು ದಾಟಿಬಿಟ್ಟಿತು. ಕೆಳಗೆ ಹುಣಸೆಯ ನೆರಳಿನಲ್ಲಿ ಇಳಿಸಿದರು. ಮೌಲಾಸಾಬ ಸುಮ್ಮನಿರಲಾರದೆ ಜೀಪಿನ ಬಾಗಿಲು ತೆಗೆದ. ಆಯಿ ತಲೆ ಅಲ್ಲಾಡಿಸಿದಳು. ನಾನು ಪಕ್ಕ ಕುಳಿತು, ಆಕೆಯ ಪದ್ಧತಿಯಂತೆ ಪಾದ ಮುಟ್ಟಿ ಕೇಳಿದೆ.

"ಏನರ ತಿನ್ನಬೇಕ ಅನಸತೈತೇನ ಆಯಿ?"

ಆಕೆಯ ಬೊಚ್ಚು ಬಾಯಿ ಸ್ವಲ್ಪ ಅಗಲವಾಯಿತು. ನಗುವೇ ಇರಬೇಕು. "ನನಗ ಕೇಳತೀಯೇನ? ಏನೂ ಬ್ಯಾಡ. ನೀರ ಕೊಡು."

ಕುಡಿಸಿದೆ. ಕಲ್ಲಿನ ಗುಪ್ಪೆಯ ಕಡೆ ಮುಖ ತಿರುಗಿಸಿಕೊಂಡಳು. ಹೊತ್ತು ಇಳಿಯುವ ಮೊದಲೇ ಹೋದಳು.

ತೆಗ್ಗು ತೋಡುವಾಗ ಬಸಪ್ಪ ಯಾರಿಗೂ ಸಲಿಕೆ ಬಿಟ್ಟುಕೊಡಲಿಲ್ಲ. ಕಲ್ಲುಭೂಮಿ. ಒಬ್ಬನೇ ತೋಡಿದ. ಊರಿನಿಂದ ಅಯ್ಯನವರು ಬಂದು ಮಾಡುವುದನ್ನು ಮಾಡಿದರು. ನಾವೆಲ್ಲ ಹಿಡಿ ಹಿಡಿ ಮಣ್ಣು ಹಾಕಿದೆವು, ಮೌಲಾಸಾಬನೂ ಹಾಕಿದ. ಬಸಪ್ಪ ಮಾತ್ರ ಸಲಿಕೆಯಲ್ಲೇ ಎಳೆದ, ಕೈಯಿಂದ ಹಾಕಲಿಲ್ಲ.

ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ ಅವನು ನನ್ನ ಹತ್ತಿರ ಬಂದ. ಹೊರಸನ್ನೇ ನೋಡುತ್ತ ನಿಂತ.

"ನೀವು ಹೆಗಲ ಕೊಟ್ರಲ್ಲ ಬಾಯಾರ, ಆಗ ನನಗ ಒಂದ ಹೊಳೀತ್ರಿ," ಅಂದ. "ಅವತ್ತ ನೀಲವ್ವ ಬಿದ್ದಾಗ ಗುಡ್ಡದ ಮ್ಯಾಲ ಹೆಂಗಸರ ಇದ್ರಲ್ಲರಿ? ಈ ಆಯಿನ ಇದ್ಲು, ಆನೀ ಹಂಗ. ಹೊತ್ರ ಏಳತಿತ್ತಲ್ಲರಿ ಹೊರಸು?"

ನಾನು ನೆಲ ನೋಡಿದೆ. ಮುಂದೆ ಬರುವ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ಹೆಂಗಸರು ಯಾಕೆ ಹೊರಬೇಕಾಗಿತ್ತು, ಗಂಡಸರು ಎಲ್ಲಿದ್ದರು, ತಾನೆಲ್ಲಿದ್ದ. ಅದು ಇನ್ನೇನು ಅವನಿಗೂ ಹೊಳೆಯುವುದರಲ್ಲಿತ್ತು.

"ಹೊತ್ತ ತಂದೇನಿ ಬಾಯಾರ, ಖರೇ. ಆದರ ಮಾಫ್ ಮಾಡಿಲ್ಲರಿ," ಅಂದ ಬಸಪ್ಪ, ನಾನು ಬೈಯುತ್ತೇನೆಂದು ಕಾಯುವವನಂತೆ ನನ್ನ ಮುಖ ನೋಡುತ್ತ.

"ಮಾಡಬ್ಯಾಡ ಬಸಪ್ಪ," ಅಂದೆ. "ನೀಲವ್ವನ್ನ ಕೊಂದಾಕಿ ಆಕೀನ. ಮಾಫ್ ಮಾಡಬ್ಯಾಡ."

ಅವನು ತಲೆಯಾಡಿಸಿದ. ಮುಖ ಸ್ವಲ್ಪ ಸಡಿಲವಾಯಿತು. ಗಳ ಬಿಚ್ಚಿ, ಖಾಲಿ ಹೊರಸನ್ನು ತಲೆಯ ಮೇಲಿಟ್ಟುಕೊಂಡು ಒಬ್ಬನೇ ಗುಡ್ಡ ಹತ್ತಿಹೋದ.